ಗೇಮ್ ಬಿಚ್ಚೋ ಮಾಣಿಗೆ ಬೈಯೋ ಮುಂಚೆ

ಮೊನ್ನೆ ಶಿರಸಿಗೆ ಹೋದಾಗ ಅಕ್ಕನ ಮನೇಲಿ ದೊಡ್ಡ ಪಂಚಾಯ್ತಿ. ಅವಳ ಮಗ ಸೆಕೆಂಡ್ ಪಿಯುಸಿ, ರಾತ್ರಿ ಎರಡು ಗಂಟೆವರೆಗೂ ಕಂಪ್ಯೂಟರ್ ಮುಂದೆ, ಆಡ್ತಾ ಇದ್ರೆ ಹಾಳಾಗ್ಲಿ ಅನ್ಬಹುದಿತ್ತು, ಇವ ಗೇಮಿನ ಫೈಲೆಲ್ಲ ಬಿಚ್ಕೊಂಡು ಕೂತಿರ್ತಾನಂತೆ. "ಇದೆಂತ ಹ್ಯಾಕಿಂಗೋ ಎಂತದೋ, ನಾಳೆ ಪೊಲೀಸ್ರು ಮನೆಗೆ ಬಂದ್ರೆ ಎಂತ ಮಾಡದು?" ಅಂತ ಅಕ್ಕ. ಭಾವ ಸುಮ್ನೆ ಕವಳ ಹಾಕ್ತಾ ಕೂತಿದ್ರು.

ನಂಗೆ ದೇವಿಕೆರೆ ಹತ್ರದ ಸೈಬರ್ ನೆನಪಾಯ್ತು, ಗಂಟೆಗೆ 20 ರೂಪಾಯಿ. ನಮ್ಮ ದೋಸ್ತ ಒಬ್ಬ ಅಲ್ಲಿ ಜಿಟಿಎ ವೈಸ್ ಸಿಟಿ ಗೇಮಿನ ಹ್ಯಾಂಡ್ಲಿಂಗ್ ಫೈಲನ್ನ (ಗಾಡಿ ಹೇಗೆ ಓಡ್ಬೇಕು ಅನ್ನೋ ಲೆಕ್ಕ ಇರೋದು) ನೋಟ್‌ಪ್ಯಾಡಲ್ಲಿ ತೆಗೆದು, ಗಾಡಿ ತೂಕದ ಮುಂದೆ ಎರಡು ಸೊನ್ನೆ ಜಾಸ್ತಿ ಒತ್ತಿದ್ದ ಅಷ್ಟೇ, ಬೈಕ್ ಗುದ್ದಿದ್ರೆ ಎದುರಿನ ಬಸ್ಸೇ ಹಾರ್ಕೊಂಡು ಹೋಗ್ತಿತ್ತು. ಸೈಬರ್ ಮಾಲೀಕ ಒಂದು ತಿಂಗಳು ನಮ್ಮನ್ನ ಒಳಗೆ ಬಿಡ್ಲಿಲ್ಲ.

ತಮಾಷೆ ಎಂತ ಅಂದ್ರೆ ಅದೇ ಸೈಬರಲ್ಲಿ ನಾವೆಲ್ಲ ಹುಚ್ಚು ಹಿಡಿದು ಆಡ್ತಿದ್ದ ಕೌಂಟರ್ ಸ್ಟ್ರೈಕ್ ಹುಟ್ಟಿದ್ದೂ ಹೀಗೇ. ಮಿನ್ ಲೀ, ಜೆಸ್ ಕ್ಲಿಫ್ ಅಂತ ಇಬ್ಬರು ಕಾಲೇಜ್ ಹುಡುಗ್ರು 1999ರಲ್ಲಿ ಹಾಫ್ ಲೈಫ್ ಗೇಮನ್ನ ತಿದ್ದಿ ಮಾಡಿದ್ದು, ಮಾರನೇ ವರ್ಷ ವಾಲ್ವ್ ಕಂಪನಿ ಗೇಮನ್ನೂ ತಗೊಂತು, ಅವರಿಗೆ ಕೆಲಸಾನೂ ಕೊಡ್ತು. ಫೈವ್‌ಎಂ ಕಥೆ ಇನ್ನೂ ಮಜಾ, ಅದು ಜಿಟಿಎ 5ನ್ನ ತಿದ್ದಿ ನಮ್ಮದೇ ಸರ್ವರಲ್ಲಿ ಆಡೋಕೆ ಬಿಡೋ ಪ್ರೋಗ್ರಾಂ: ಅದನ್ನ ಮಾಡಿದೋರ ಅಕೌಂಟನ್ನ 2015ರಲ್ಲಿ ಬ್ಯಾನ್ ಮಾಡಿದ್ದ ಜಿಟಿಎ ಕಂಪನಿ ರಾಕ್‌ಸ್ಟಾರ್, 2023ರಲ್ಲಿ ಅದೇ ತಂಡವನ್ನ ಕೊಂಡ್ಕೊಂತು. ಎಂಟು ವರ್ಷ ಬೇಕಾಯ್ತು ನೋಡಿ ಬುದ್ಧಿ ಬರೋಕೆ.

ಹಾಗಂತ ಒಳಗೆ ನುಗ್ಗಿದೋರಿಗೆಲ್ಲ ಹಾರ ಹಾಕೋದಿಲ್ಲ. 2003ರಲ್ಲಿ ಜರ್ಮನಿಯ ಹುಡುಗ ಒಬ್ಬ ವಾಲ್ವ್ ನೆಟ್ವರ್ಕ್ ಒಳಗೆ ನುಗ್ಗಿ ಹಾಫ್ ಲೈಫ್ 2ರ ಸೋರ್ಸ್ ಕೋಡ್ (ಗೇಮಿನ ಮೂಲ ಪ್ರೋಗ್ರಾಂ) ಎತ್ಕೊಂಡು ಹೋದ, ಅದು ಲೀಕೂ ಆಯ್ತು, ಆಮೇಲೆ ತಾನೇ ಮೇಲ್ ಮಾಡಿ ಕೆಲಸ ಕೇಳಿದ! ಅವರೂ ಇಂಟರ್ವ್ಯೂ ಅಂತ ಫೋನಲ್ಲಿ ಮಾತಾಡಿದ್ರು, ಅಮೆರಿಕಕ್ಕೆ ಕರೆಸಿ ಎಫ್‌ಬಿಐ ಕೈಗೆ ಕೊಡೋ ಪ್ಲಾನ್, ಅಷ್ಟರಲ್ಲಿ ಜರ್ಮನ್ ಪೊಲೀಸ್ರೇ ಹಿಡಿದ್ರು. ಇದನ್ನ ಮಾಣಿಗೆ ಎರಡೆರಡು ಸಲ ಹೇಳಿದೆ.

ನಂಗೆ ಇಷ್ಟ ಆಗೋದು 2021ರದ್ದು. ಜಿಟಿಎ ಆನ್‌ಲೈನ್ ಲೋಡ್ ಆಗೋಕೆ ಐದಾರು ನಿಮಿಷ. ಒಬ್ಬ ಕೂತು ಬಿಚ್ಚಿ ನೋಡ್ದ, 10 ಎಂಬಿ ಫೈಲ್, ಅದರಲ್ಲಿ 63 ಸಾವಿರ ಐಟಮ್ಮು, ಒಂದೊಂದು ಓದುವಾಗ್ಲೂ ಪ್ರೋಗ್ರಾಂ ಉಳಿದ ಫೈಲ್ ಎಷ್ಟುದ್ದ ಇದೆ ಅಂತ ಮತ್ತೆ ಅಳೀತಿತ್ತು. ಮಾರಿಕಾಂಬೆ ಹುಂಡಿ ಎಣಿಸೋರು ಒಂದೊಂದು ನಾಣ್ಯ ತೆಗೆದಾಗ್ಲೂ ಉಳಿದ ರಾಶಿಯನ್ನೆಲ್ಲ ಮತ್ತೆ ಎಣಿಸಿದ ಹಾಗೆ! ಅವ ಸರಿ ಮಾಡಿದ್ಮೇಲೆ ಸುಮಾರು 70 ಪರ್ಸೆಂಟ್ ಟೈಮ್ ಉಳೀತು, ರಾಕ್‌ಸ್ಟಾರ್ ಒಪ್ಕೊಂಡು 10,000 ಡಾಲರ್ ಕೊಡ್ತು.

ಆಮೇಲೆ ಮಾಣಿ ತನ್ನ ಕೆಲಸ ತೋರಿಸ್ದ. ಗೇಮಿನೊಳಗೇ ವಾಯವ್ಯ ಸಾರಿಗೆ ಬಸ್ಸು, ಬೋರ್ಡಲ್ಲಿ ಶಿರಸಿ-ಕುಮಟಾ, ಕಿಟಕಿ ಕೆಳಗೆ ಕವಳ ಉಗುಳಿದ ಕೆಂಪು ಕಲೆ ಸಹ ಬಿಟ್ಟಿರ್ಲಿಲ್ಲ.

ಭಾವ ಅವತ್ತು ಮೊದಲ ಸಲ ಬಾಯಿ ಬಿಟ್ರು, "ಹತ್ತು ಸಾವಿರ ಡಾಲರ್ ಅಂದ್ರೆ ರಾಶಿ ಅಡಿಕೆ ಎಷ್ಟು ಕ್ವಿಂಟಲ್ ಆತು?"

ಅಕ್ಕ ಎದ್ದು ಹೋಗಿ ರೂಟರ್ ಆಫ್ ಮಾಡಿದ್ಲು.