ಭೂಮಣ್ಣಿ ಬುಟ್ಟಿ: ಎರಡನೇ ವರ್ಷದ ಲೆಕ್ಕ

ಕಳೆದ ವರ್ಷ ಭೂಮಣ್ಣಿ ಬುಟ್ಟಿಗೆ, ಅಂದರೆ ಭೂಮಿ ಹುಣ್ಣಿಮೆಯ ಚಿತ್ತಾರದ ಬುಟ್ಟಿಗೆ, ನಾನು ಬಳಿದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಪೇಟೆಯಲ್ಲಿ ಕೊಂಡ ಅಕ್ರಿಲಿಕ್ ಬಣ್ಣ. ನೋಡಿದವರೆಲ್ಲ ಮೆಚ್ಚಿದರು, ಪಕ್ಕದ ಹಳ್ಳಿಯ ಅಜ್ಜಿಯೊಬ್ಬರನ್ನು ಬಿಟ್ಟು. ಅವರು ಬುಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದನ್ನು ಗದ್ದೆಗೆ ಒಯ್ಯುತ್ತೀಯಾ?" ಎಂದು ಕೇಳಿ ಕೆಳಗಿಟ್ಟರು. ಈ ವರ್ಷ ಅಂಗಡಿಯಿಂದ ಬಣ್ಣವನ್ನಾಗಲಿ ಬ್ರಷ್ಷನ್ನಾಗಲಿ ತರಬಾರದು ಎಂದು ಹಠ ಹಿಡಿದದ್ದು ಆ ಒಂದು ಪ್ರಶ್ನೆಗಾಗಿ.

ಸಾಗರ, ಸೊರಬದ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಚಿತ್ತಾರ ಇದು. ಮದುವೆಯಲ್ಲಿ ಹಸೆಗೋಡೆಯ ಮೇಲೆ ಬರೆದರೆ ಹಸೆ ಚಿತ್ತಾರ. ಆಶ್ವಯುಜದ ಹುಣ್ಣಿಮೆಗೆ ಬರೆಯುವುದು ಬುಟ್ಟಿಯ ಮೇಲೆ. ಭತ್ತ ಹೊಡೆ ಕಟ್ಟುವ ಕಾಲ, ಭೂಮಿ ಬಸುರಿ. ಅವಳ ಬಯಕೆಯ ಊಟ ಹೋಗುವುದು ಈ ಬುಟ್ಟಿಯಲ್ಲಿ. ನಾನು ದೀವರವನೂ ಅಲ್ಲ, ಹೆಂಗಸೂ ಅಲ್ಲ. ಆದ್ದರಿಂದ ದೊಡ್ಡ ಬುಟ್ಟಿ ಅಜ್ಜಿಯ ಸೊಸೆಯದು. ನನಗೆ ಸಿಕ್ಕಿದ್ದು ಹಚ್ಚಂಬಲಿ, ಅಂದರೆ ಕುಡಿಸೊಪ್ಪುಗಳನ್ನು ಬೇಯಿಸಿ ಗದ್ದೆಗೆ ಬೀರುವ ಎಡೆ, ಒಯ್ಯುವ ಚಿಕ್ಕ ಬುಟ್ಟಿ. ಅಷ್ಟು ಸಿಕ್ಕಿದ್ದೇ ದೊಡ್ಡದು.

ಸೆಪ್ಟೆಂಬರ್ ಮೊದಲ ವಾರ: ಪುಂಡಿ ನಾರು

ಚಿತ್ತಾರ ಬರೆಯುವುದು ಪುಂಡಿ ಗಿಡದ ನಾರಿನ ಕುಂಚದಲ್ಲಿ. ಅಜ್ಜಿ ಗದ್ದೆಯ ಅಂಚಿನಿಂದ ಆರು ದಂಟು ಕಡಿದು ಕೊಟ್ಟರು. ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಬೇಕು. ಹಳ್ಳದಲ್ಲಿ ಹಾಕು ಎಂದಿದ್ದರು. ಹಳ್ಳಕ್ಕೆ ಹೋಗಲು ಸೋಮಾರಿತನ, ಬಚ್ಚಲುಮನೆಯ ಬಕೆಟ್ಟಿನಲ್ಲಿ ಮುಳುಗಿಸಿ ಕಲ್ಲು ಹೇರಿದೆ. ಮೂರನೇ ವಾರ ನೆನಪಾಗಿ ಎತ್ತಿದರೆ ನಾರೂ ಇಲ್ಲ, ದಂಟೂ ಇಲ್ಲ, ಬರೀ ಲೋಳೆ. ಆ ವಾಸನೆಯ ಬಗ್ಗೆ ಮನೆಯಲ್ಲಿ ಇಂದಿಗೂ ಮಾತು ಕೇಳುತ್ತಿದ್ದೇನೆ. ಎರಡನೇ ಕಂತಿನ ದಂಟನ್ನು ಹಳ್ಳದ ಹರಿಯುವ ನೀರಿಗೆ ಹಾಕಿ ದಿನ ಬಿಟ್ಟು ದಿನ ಉಗುರಿನಿಂದ ಕೆರೆದು ನೋಡಿದೆ. ಸಿಪ್ಪೆ ತಾನಾಗಿ ಜಾರಿದ ದಿನ ಎತ್ತಿ, ಕಲ್ಲಿನ ಮೇಲೆ ಬಡಿದು, ತೊಳೆದು, ನೆರಳಿನಲ್ಲಿ ಒಣಗಿಸಿದೆ. ನಾರನ್ನು ಹೊಸೆದು ಕಟ್ಟಿ ತುದಿಯನ್ನು ಕುಟ್ಟಿದರೆ ಕುಂಚ ಸಿದ್ಧ. ಹನ್ನೊಂದು ಮಾಡಿದೆ. ಅಜ್ಜಿ ಎಂಟನ್ನು ಒಲೆಗೆ ಹಾಕಿದರು.

ಬಣ್ಣಗಳು

ಕೆಂಪು ಸುಲಭ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ನುಣುಪನ್ನು ತೆಗೆದುಕೊಂಡರಾಯಿತು. ಬಿಳಿಗೆ ನೆನೆಸಿದ ಅಕ್ಕಿ ಅರೆದದ್ದು. ಕಪ್ಪಿಗೂ ಅಕ್ಕಿಯೇ, ಬಾಣಲೆಯಲ್ಲಿ ಇದ್ದಲಾಗುವವರೆಗೆ ಹುರಿದು ಅರೆಯಬೇಕು. ನಾನು ಕಂದು ಬಣ್ಣಕ್ಕೇ ಇಳಿಸಿಬಿಟ್ಟೆ. ಅರೆದಾಗ ಬಂದದ್ದು ಕಾಫಿಯಂಥ ಗಸಿ. ಮತ್ತೆ ಹುರಿದೆ.

ಹಳದಿಯಲ್ಲಿ ಸಿಕ್ಕಿಬಿದ್ದೆ. ಅದು ಬರುವುದು ಗುರಿಗೆ ಕಾಯಿಯಿಂದ. ಉಪ್ಪಾಗೆ, ಮುರುಗಲಿನ ಬಳಗದ ಮರ ಅದು, ಕಾನಿನ ನೆರಳು ಬೇಕು. ಕಾನು ಎಂದರೆ ನಮ್ಮ ಕಡೆ ಊರಿನವರು ದೇವರ ಹೆಸರಿನಲ್ಲಿ ಕೊಡಲಿ ಹಾಕದೆ ಉಳಿಸಿಕೊಂಡು ಬಂದ ನಿತ್ಯಹಸಿರಿನ ತುಂಡು. ಅಜ್ಜಿಯ ಊರಿನ ಕಾನಿನಿಂದಲೇ ಗದ್ದೆಯ ಹಳ್ಳ ಹುಟ್ಟುತ್ತದೆ, ನನ್ನ ಪುಂಡಿ ಕೊಳೆತದ್ದು ಅದೇ ನೀರಿನಲ್ಲಿ. ಕಾನಿನೊಳಗೆ ಎರಡು ಗುರಿಗೆ ಮರಗಳಿವೆ. ನಾನು ಹೋದಾಗ ಕಾಯಿಯ ಕಾಲ ಮುಗಿದು ತಿಂಗಳುಗಳೇ ಆಗಿದ್ದವು. ಅಟ್ಟದ ಡಬ್ಬಿಯಿಂದ ಅಜ್ಜಿ ಏಳು ಒಣ ಬೀಜ ಎಣಿಸಿ ಕೊಟ್ಟರು. ಏಳು ಬೀಜಕ್ಕೆ ಬಂದ ಹಳದಿ ಒಂದು ಚಮಚಕ್ಕೂ ಕಡಿಮೆ.

ಅಕ್ಟೋಬರ್ 2, ವಿಜಯದಶಮಿ

ಹುಣ್ಣಿಮೆಗೆ ಐದೇ ದಿನ. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಬಳಿದೆ. ಈಗ ಎಳೆ, ಅಂದರೆ ಗೆರೆ. ಚಿತ್ತಾರದಲ್ಲಿ ಎಲ್ಲವೂ ಎಳೆಯ ಲೆಕ್ಕ: ಒಂದೆಳೆ, ಎರಡೆಳೆ, ಮೂರೆಳೆ. ನಾನು ಎಳೆಯನ್ನು 'ಬರೆಯುತ್ತಿದ್ದೆ', ಪೆನ್ನು ಹಿಡಿದ ಹಾಗೆ. ಅಜ್ಜಿ ನಾರನ್ನು ಬಣ್ಣದಲ್ಲಿ ಅದ್ದಿ, ಉದ್ದಕ್ಕೆ ಬುಟ್ಟಿಯ ಮೈಮೇಲೆ ಮಲಗಿಸಿ ತಮ್ಮ ಕಡೆಗೆ ಎಳೆಯುತ್ತಾರೆ. ನಾರು ಹೋದ ದಾರಿಯೇ ಗೆರೆ. ಕೈ ನಡುಗಿದರೂ ಗೆರೆ ನಡುಗುವುದಿಲ್ಲ, ಏಕೆಂದರೆ ಕೈ ಮುಂದೆ ಹೋಗುತ್ತದೆ, ನಾರು ಹಿಂದೆ ಬರುತ್ತದೆ. ಎಪ್ಪತ್ತು ದಾಟಿದ ಅವರ ಕೈ ಲೋಟ ಎತ್ತುವಾಗ ಚೆನ್ನಾಗಿಯೇ ನಡುಗುತ್ತದೆ. ಇದನ್ನು ಕಂಡ ಮೇಲೆ ನನ್ನ ಎರಡು ದಿನದ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಶುರು ಮಾಡಿದೆ. ಅಕ್ರಿಲಿಕ್ಕಿನಲ್ಲಿ ಈ ಸೌಕರ್ಯ ಇರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ: ಕುಡಿಗಳು

ಹಚ್ಚಂಬಲಿಗೆ ಗುಡ್ಡದ ಮೇಲಿನ ನೂರೊಂದು ಕುಡಿ ಬೇಕು ಎನ್ನುವುದು ಹಾಡಿಕೆ. ಅಜ್ಜಿ, ಸೊಸೆ, ನಾನು ಬೆಳಿಗ್ಗೆ ಹೊರಟೆವು. ನಾನು ಪುಸ್ತಕದಲ್ಲಿ ಬಗೆಗೊಂದು ಗೀಟು ಹಾಕುತ್ತಾ ಹೋದೆ. ಬೇಲಿ, ಹಿತ್ತಲು, ಸೊಪ್ಪಿನಬೆಟ್ಟ, ಕಾನಿನ ಅಂಚು ಮುಗಿದಾಗ ಮೂವತ್ತೆಂಟು. ನಡುವೆ ಅಕೇಶಿಯಾ ನೆಡುತೋಪು ಸಿಕ್ಕಿತು. ಅದನ್ನು ದಾಟಲು ಕಾಲು ಗಂಟೆ ಬೇಕಾಯಿತು, ಗೀಟು ಒಂದೂ ಬೀಳಲಿಲ್ಲ. ಕೆಳಗೆ ಒಣ ಎಲೆಯ ಹಾಸು, ಅದರಡಿ ಏನೂ ಇಲ್ಲ. "ಇಲ್ಲಿಯೇ ಹದಿನೈದು ಸಿಗುತ್ತಿತ್ತು," ಎಂದರು ಅಜ್ಜಿ, ನಿಲ್ಲದೆ ನಡೆಯುತ್ತಾ. ಯಾವುದನ್ನೂ ಬುಡಸಮೇತ ಕೀಳಲಿಲ್ಲ. ಒಂದು ಗಿಡಕ್ಕೆ ಒಂದು ಚಿವುಟು, ಮುಂದೆ. ನಾನೊಮ್ಮೆ ಎರಡು ಚಿವುಟಿದಾಗ ಸೊಸೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಹುಣ್ಣಿಮೆ

ರಾತ್ರಿಯಿಡೀ ಒಲೆ ಉರಿಯಿತು. ಬೆಳಕು ಹರಿಯುವ ಮೊದಲೇ ಗದ್ದೆಯಲ್ಲಿದ್ದೆವು. ಸೊಸೆ ತನ್ನ ತಾಳಿ ತೆಗೆದು ಭತ್ತದ ಪೈರಿಗೆ ಹಾಕಿ ಪೂಜೆ ಮಾಡಿದಳು. ಮನೆಯ ಗಂಡಸರು ನನ್ನ ಬುಟ್ಟಿಯಿಂದ ಹಚ್ಚಂಬಲಿ ತೆಗೆದು, ಕೂಗುತ್ತಾ ಗದ್ದೆಯ ಸುತ್ತ ಬೀರಿದರು. ಇಬ್ಬನಿಗೆ ಅಕ್ಕಿಯ ಬಿಳಿ ಒಂದೆರಡು ಕಡೆ ಕರಗಿ ಇಳಿಯಿತು. ಅಜ್ಜಿ ಅದನ್ನು ನೋಡಿದರು, ಮೂಸಿ ನೋಡಲಿಲ್ಲ.

ಬಾಕಿ ಉಳಿದದ್ದು: ಮೇಲಂಚಿನ ಬಾಸಿಂಗದ ಚಿತ್ತಾರದಲ್ಲಿ ಮೂರು ಮನೆಗಳಿಗೆ ಮಾತ್ರ ಹಳದಿ ಸಾಕಾಯಿತು, ಉಳಿದವು ಖಾಲಿ. ಏಪ್ರಿಲ್‌ನಿಂದಲೇ ಕಾನಿಗೆ ಹೋಗಿ ಗುರಿಗೆ ಮರದ ಕೆಳಗೆ ನೋಡಬೇಕು. ಪುಂಡಿ ಬೀಜ ಒಂದು ಹಿಡಿ ತಂದಿದ್ದೇನೆ, ಮಳೆ ಬಿದ್ದ ಮೇಲೆ ಬಾವಿಕಟ್ಟೆಯ ಪಕ್ಕ ಬಿತ್ತಬೇಕು. ಇನ್ನು ಪೂಜೆಯ ದಿನ ಗದ್ದೆಯಲ್ಲಿ ಹೂತ ಕಡುಬನ್ನು ಕೊಯ್ಲಿನ ದಿನ ತೆಗೆಯಬೇಕು. ಗುರುತಿಗೆ ಕೋಲು ನೆಡುವ ಕೆಲಸ ನನಗೆ ಒಪ್ಪಿಸಿದ್ದರು. ನೆಟ್ಟೆನೋ ಇಲ್ಲವೋ ಎಂದು ಈ ಸಾಲು ಬರೆಯುವಾಗ ಅನುಮಾನ ಹತ್ತಿದೆ.