ಎಲ್ ನಿನೊ ಬಂದರೆ ಬರವೇ? ಘಟ್ಟದ ಯಾವ ಬದಿ ಅಂತ ಮೊದಲು ನೋಡಿ

ಪೆಸಿಫಿಕ್ ಸಾಗರ ಬಿಸಿಯಾಗುತ್ತಿದೆ, ಅಂದರೆ ಎಲ್ ನಿನೊ ಬರುತ್ತಿದೆ ಎಂಬ ಸುದ್ದಿ ಬಂದ ಮರುದಿನವೇ ‘ಈ ಸಲ ಬರ ಗ್ಯಾರಂಟಿ’ ಎಂಬ ವಾಟ್ಸಾಪ್ ಸಂದೇಶ ಊರೂರು ಸುತ್ತುತ್ತದೆ. ಲೆಕ್ಕ ಅಷ್ಟು ಸಸಾರವಲ್ಲ. 1997ರ ಎಲ್ ನಿನೊ ಕಳೆದ ಶತಮಾನದ ಅತಿ ಬಲವಾದವುಗಳಲ್ಲಿ ಒಂದು. ಆದರೂ ದೇಶದ ಮುಂಗಾರು ವಾಡಿಕೆಯಷ್ಟು ಸುರಿಯಿತು. 2002ರದ್ದು ಅದಕ್ಕಿಂತ ಎಷ್ಟೋ ದುರ್ಬಲ; ಮಳೆ ವಾಡಿಕೆಯ ಶೇ 81ಕ್ಕೆ ಕುಸಿಯಿತು.

ಬಿಸಿ ಎಲ್ಲಿದೆ ಎಂಬುದು ಮುಖ್ಯ. ಮಾಮೂಲಿ ವರ್ಷಗಳಲ್ಲಿ ಪೂರ್ವದ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೊನೇಷ್ಯಾ ಕಡೆಗೆ ತಳ್ಳುತ್ತವೆ, ಗಾಳಿ ಅಲ್ಲಿ ಮೇಲೇಳುತ್ತದೆ. ಮಾರುತ ಸೊರಗಿದರೆ ಆ ನೀರು ಪೂರ್ವಕ್ಕೆ ಸರಿಯುತ್ತದೆ, ಜೊತೆಗೆ ಗಾಳಿ ಮೇಲೇಳುವ ಜಾಗವೂ. ಆಗ ನಮ್ಮ ನೆತ್ತಿಯ ಮೇಲೆ ಗಾಳಿ ಕೆಳಗಿಳಿಯತೊಡಗುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯುವುದಿಲ್ಲ. ಬಿಸಿ ಪೆರು ದೇಶದ ದಡದಲ್ಲೇ ಹೆಚ್ಚಿದ್ದರೆ ನಮಗೆ ಪೆಟ್ಟು ಕಡಿಮೆ, 2002ರಂತೆ ಸಾಗರದ ನಡುವಿದ್ದರೆ ಜೋರು.

ಎರಡನೆಯದು ಹಿಂದೂ ಮಹಾಸಾಗರದ ಡೈಪೋಲ್. ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ ಸುಮಾತ್ರಾ ಕಡೆಯದು ತಣ್ಣಗಾದರೆ ಅದು ಧನಾತ್ಮಕ, ಮುಂಗಾರಿಗೆ ಹಿತ. 1997ರಲ್ಲಿ ಪೆಸಿಫಿಕ್‌ನ ಪೆಟ್ಟನ್ನು ತಡೆಯಲು ಇದು ನೆರವಾಯಿತು. ತೊಂದರೆಯೆಂದರೆ ಇದಕ್ಕೆ ಪೂರ್ತಿ ಬಲ ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಇನ್ನೊಂದು ಎಲ್ ನಿನೊ ವರ್ಷವಾದ 2023ರಲ್ಲಿ ಡೈಪೋಲ್ ಧನಾತ್ಮಕಕ್ಕೆ ತಿರುಗುವಷ್ಟರಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಕಳೆದುಹೋಗಿತ್ತು.

ಇಷ್ಟೆಲ್ಲ ಸಾಗರದ ಮಾತು. ಕರ್ನಾಟಕದ ಮಟ್ಟಿಗೆ ಅದಕ್ಕಿಂತ ದೊಡ್ಡ ಯಜಮಾನ ಪಶ್ಚಿಮ ಘಟ್ಟ. ಒಂದು ಸರಳ ಲೆಕ್ಕ ಹಾಕಿ: ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಜುಲೈನಲ್ಲಿ ಕರಾವಳಿಯಲ್ಲಿ 27 ಡಿಗ್ರಿ, ಇಬ್ಬನಿ ಬಿಂದು 24 ಇದ್ದರೆ ತಳ 375 ಮೀಟರ್. ಆಗುಂಬೆ ಇರುವುದು ಸುಮಾರು 650 ಮೀಟರ್‌ನಲ್ಲಿ, ಅಂದರೆ ಊರೇ ಮೋಡದೊಳಗೆ. ಪಶ್ಚಿಮದ ಗಾಳಿ ಬೀಸುವಷ್ಟು ಕಾಲ ಅದನ್ನು ಘಟ್ಟದ ಗೋಡೆ ಹತ್ತಿಸಿ ನೀರು ಹಿಂಡುವ ಕೆಲಸ ನಿಲ್ಲದು. ಎಲ್ ನಿನೊ ವರ್ಷದಲ್ಲೂ ಅಲ್ಲಿ ಬೀಳುವ ಮಳೆ ಚಳ್ಳಕೆರೆಯ ಒಳ್ಳೆಯ ವರ್ಷದ ಮಳೆಗಿಂತ ಹಲವು ಪಟ್ಟು.

ಘಟ್ಟ ದಾಟಿದ ಗಾಳಿ ಇಳಿಯುತ್ತಾ ಕಿಲೋಮೀಟರಿಗೆ 10 ಡಿಗ್ರಿಯಂತೆ ಕಾಯುತ್ತದೆ, ಮೋಡ ಕರಗುತ್ತದೆ. ಚಿತ್ರದುರ್ಗ, ತುಮಕೂರು ಕಡೆ ಜುಲೈ ಎಂದರೆ ಬರೀ ಗಾಳಿ, ಹೆಚ್ಚೆಂದರೆ ಜಿಟಿಜಿಟಿ. ಅಲ್ಲಿ ಕೆರೆ ತುಂಬಿಸುವುದು ಪಶ್ಚಿಮದ ಗಾಳಿ ಸೋತ ಮೇಲೆ ಸಂಜೆ ಗುಡುಗಿ ಸುರಿಯುವ ಉತ್ತರೆ, ಹಸ್ತ, ಚಿತ್ತೆ ಮಳೆ. ಎಲ್ ನಿನೊ ವರ್ಷಗಳಲ್ಲಿ ಹಿಂಗಾರು ತುಸು ಜೋರಾಗುವ ಒಲವಿದೆ, ಆದರೆ ನೆಚ್ಚಿ ಕೂರುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದೂ ಕೈಕೊಟ್ಟಿತು.

ಶೇಕಡಾವಾರು ಅಂಕಿಯನ್ನು ಹುಷಾರಾಗಿ ಓದಬೇಕು. ಜಿಲ್ಲೆಯೊಂದರ ಲೆಕ್ಕದಲ್ಲಿ ಶೇ 19ರವರೆಗಿನ ಕೊರತೆಯನ್ನು ಹವಾಮಾನ ಇಲಾಖೆ ‘ವಾಡಿಕೆ’ ಎಂದೇ ಬರೆಯುತ್ತದೆ. ಆಗುಂಬೆಯಲ್ಲಿ ಅಷ್ಟು ಕಮ್ಮಿಯಾದರೆ ಅಡಿಕೆ ತೋಟಕ್ಕೆ ಕೊಳೆರೋಗ ಕಮ್ಮಿಯಾಯಿತೆಂಬ ಸಮಾಧಾನವೂ ಉಂಟು. ಬಯಲುಸೀಮೆಯಲ್ಲಿ ಶೇಂಗಾ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೂರು ವಾರ ಮಳೆ ಹೋದರೆ ಬೆಳೆ ಹೋಯಿತು, ಒಟ್ಟು ಲೆಕ್ಕ ಆಮೇಲೆ ಸರಿಹೋದರೂ ಅಷ್ಟೆ. ಆದ್ದರಿಂದ ಜಿಲ್ಲೆಯ ಸರಾಸರಿ ಬಿಟ್ಟು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಳೆ ಪಟ್ಟಿಯಲ್ಲಿ ಒಣ ದಿನಗಳನ್ನು ಎಣಿಸಿ.

ಕಾಲುವೆ ನೀರಿನವರ ಲೆಕ್ಕವೇ ಬೇರೆ. ಕೆಆರ್‌ಎಸ್ ತುಂಬಲು 124.80 ಅಡಿ ಬೇಕು, 2023ರಲ್ಲಿ ತುಂಬಲಿಲ್ಲ. ಮಂಡ್ಯದಲ್ಲಿ ಭತ್ತ ನಾಟಿಗೆ ಮುಂಚೆ ಊರಿನ ಮೋಡ ನೋಡುವುದಕ್ಕಿಂತ ಭಾಗಮಂಡಲ, ಮಡಿಕೇರಿಯ ಜುಲೈ ಮಳೆ ನೋಡುವುದು ಮೇಲು. ಕಬಿನಿಯವರು ವಯನಾಡಿನದು ನೋಡಬೇಕು.