ಕರ್ಟನ್ ಆಮೇಲೆ, ಮೊದ್ಲು ಪೆಟ್ರೋಲ್ ಪೈಪು

ಹಳೇ ಕ್ಯಾಂಪರ್ ವ್ಯಾನ್ ಕೈಗೆ ಬಂದ ತಕ್ಷಣ ಎಲ್ರಿಗೂ ಒಳಗಡೆ ಕೆಲ್ಸದ ಮೇಲೇ ಕಣ್ಣು. ಕರ್ಟನ್ ಯಾವ ಬಣ್ಣ, ಸೀಟಿಗೆ ಎಂಥ ಬಟ್ಟೆ, ಮರದ ಕಪಾಟಿಗೆ ಪಾಲಿಶ್ ಯಾವ್ದು, ಹಿಂಗೇ. ಆಸೆ ತಪ್ಪಲ್ಲ, ಆ ಗಾಡಿ ತಗೊಳ್ಳೋದೇ ಅದ್ರಲ್ಲಿ ಮಲ್ಗಿ ಎದ್ದು ಟೀ ಕಾಯಿಸ್ಕೊಂಡು ಕುಡಿಯೋಕೆ. ಆದ್ರೆ ದೂರದ ಟ್ರಿಪ್ ಹತ್ರ ಬಂದಿದೆ, ಕೈಲಿರೋ ಟೈಮ್ ಕಮ್ಮಿ ಅಂದ್ರೆ ಆ ಟೈಮೆಲ್ಲ ಹಿಂದಿನ ಡಿಕ್ಕಿ ಬಾಗಿಲು ಎತ್ತಿ ಇಂಜಿನ್ ಮುಂದೆ ಕಳೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ.

ನಮ್ದು 1972ರ ಫೋಕ್ಸ್‌ವ್ಯಾಗನ್ ಟೈಪ್ 2. ಮುಂದಿನ ಗಾಜು ಎರಡು ಭಾಗ ಇದ್ದ ಹಳೇ ಮಾಡೆಲ್ 1967ಕ್ಕೆ ಮುಗೀತು, ಆಮೇಲೆ ಬಂತಲ್ಲ ಒಂದೇ ದೊಡ್ಡ ಬಾಗಿದ ಗಾಜಿಂದು, ಅದು. 1600 ಸಿಸಿ ಇಂಜಿನ್ ಹಿಂದುಗಡೆ ಇರತ್ತೆ, ನಾಲ್ಕು ಸಿಲಿಂಡರ್ ಎರಡೆರಡಾಗಿ ಎದುರುಬದುರು ಅಡ್ಡ ಮಲಗಿರತ್ವೆ. ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ, ಬಿಸಿ ಎಲ್ಲ ಗಾಳಿ ಮತ್ತೆ ಆಯಿಲ್ ಇಬ್ರೇ ಸೇರಿ ಹೊರಗೆ ಹಾಕ್ಬೇಕು. ಒಳಗಡೆ ಸಾಮಾನು, ನೀರು, ಗ್ಯಾಸ್, ಮನೆ ಮಂದಿ ಎಲ್ಲ ತುಂಬ್ಕೊಂಡು ಬಿಸಿಲಲ್ಲಿ ಏರು ರಸ್ತೆ ಹತ್ತೋವಾಗ ಆ ಪುಟ್ಟ ಇಂಜಿನ್ ಮೇಲೆ ಎಷ್ಟು ಭಾರ ಬೀಳತ್ತೆ ಯೋಚ್ನೆ ಮಾಡಿ. ಈ ಗಾಡಿಗಳು ದಾರೀಲಿ ಕೈ ಕೊಡೋದು ಬಹುಪಾಲು ಬಿಸಿಯಿಂದ, ಸುಟ್ಟು ಹೋಗೋದು ಪೆಟ್ರೋಲ್ ಸೋರಿ. ಅದಕ್ಕೇ ನನ್ನ ಲಿಸ್ಟಲ್ಲಿ ಮೊದ್ಲು ಇರೋದು ಇವೆರಡೇ.

ಪೆಟ್ರೋಲ್ ಪೈಪಿಂದ ಶುರು ಮಾಡೋಣ. ಟ್ಯಾಂಕ್ ಇರೋದು ಇಂಜಿನ್ ಪಕ್ಕದಲ್ಲೇ, ನಡುವೆ ಒಂದು ತಗಡಿನ ಗೋಡೆ ಅಷ್ಟೆ. ಹೊರಗೆ ಬಟ್ಟೆ ನೇಯ್ದಿರೋ ಹಳೇ ರಬ್ಬರ್ ಹೋಸ್ ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣತ್ತೆ, ಬೆರಳಲ್ಲಿ ಹಿಡಿದು ಸ್ವಲ್ಪ ಬಾಗಿಸಿ ನೋಡಿ, ಬಟ್ಟೆ ಅಡೀಲಿ ರಬ್ಬರ್ ಬಿರುಕು ಬಿಟ್ಟಿರೋದು ಗೊತ್ತಾಗತ್ತೆ. ಎಥನಾಲ್ ಸೇರಿಸಿರೋ ಈಗಿನ ಪೆಟ್ರೋಲಿಗೆ ಆ ಕಾಲದ ರಬ್ಬರ್ ತಡೆಯಲ್ಲ. ಎಸ್‌ಎಇ ಜೆ30 ಆರ್9 ಅಂತ ಮೇಲೆ ಪ್ರಿಂಟ್ ಇರೋ ಹೋಸ್ ತಗೊಂಡು ಎಲ್ಲಾನೂ ಬದಲಾಯಿಸಿ, ಕಣ್ಣಿಗೆ ಕಾಣೋ ಎರಡು ತುಂಡು ಬದಲಾಯಿಸಿ ಬಿಟ್ಬಿಡ್ಬೇಡಿ, ಟ್ಯಾಂಕಿನ ಮೇಲಿರೋ, ಗಾಳಿ ಆಡೋಕೆ ಅಂತ ಇರೋ ಬ್ರೀದರ್ ಪೈಪು, ತಗಡಿನ ಗೋಡೆ ದಾಟಿ ಬರೋ ಪೈಪು, ಎಲ್ಲಾ. ಇನ್ನೊಂದು ಜಾಗ ಬಹಳ ಜನ ನೋಡೋದೇ ಇಲ್ಲ, ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬ್ಯುರೇಟರಿಗೆ ಪೆಟ್ರೋಲ್ ಒಳಗೆ ಹೋಗೋ ಹಿತ್ತಾಳೆ ಕೊಳವೆ. ಅದನ್ನ ಫ್ಯಾಕ್ಟರೀಲಿ ಒತ್ತಿ ಕೂರಿಸಿರ್ತಾರೆ ಅಷ್ಟೇ, ಥ್ರೆಡ್ ಇರಲ್ಲ, ವರ್ಷಗಟ್ಟಲೆ ಅದುರಿ ಅದುರಿ ಸಡಿಲ ಆಗಿ ಹೋಸ್ ಸಮೇತ ಕಿತ್ಕೊಂಡು ಬಂತು ಅಂದ್ರೆ ಪೆಟ್ರೋಲ್ ಸೀದಾ ಬಿಸಿ ಇಂಜಿನ್ ಮೇಲೆ. ಕೈಯಲ್ಲಿ ತಿರುಗಿಸಿ ನೋಡಿ, ಅಲ್ಲಾಡಿದ್ರೆ ಥ್ರೆಡ್ ಹಾಕಿ ಸ್ಕ್ರೂ ಇರೋ ಕೊಳವೆ ಕೂರಿಸಿ. ಫಿಲ್ಟರ್‌ನ ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಮೇಲೆ ನೇತಾಡೋ ಹಾಗೆ ಹಾಕೋದನ್ನ ಎಷ್ಟೋ ಗಾಡೀಲಿ ನೋಡ್ತೀನಿ, ದಯವಿಟ್ಟು ಬೇಡ, ಇಂಜಿನ್ ಕೋಣೆಯಿಂದ ಆಚೆ ಗಾಡಿ ಅಡಿಗೆ ಹಾಕಿ. ಇಂಜಿನ್ ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು, ಒಮ್ಮೆ ಅದಕ್ಕೆ ಬೆಂಕಿ ಹತ್ತಿದ್ರೆ ನೀರು ಹಾಕಿ ಆರಿಸೋ ಹಾಗೂ ಇಲ್ಲ. ಬೆಂಕಿ ಆರಿಸೋ ಸಿಲಿಂಡರ್ ಡ್ರೈವರ್ ಕೈಗೆ ಎಟುಕೋ ಜಾಗದಲ್ಲಿ ಇರ್ಲಿ, ಬೆಡ್ ಅಡೀಲಿ ಅಲ್ಲ.

ಇನ್ನು ಗಾಳಿ. ಇಂಜಿನ್ ಸುತ್ತ ಕಪ್ಪು ತಗಡುಗಳು ಇರತ್ವಲ್ಲ, ಅವು ಬರೀ ಮುಚ್ಚಳ ಅಲ್ಲ, ಕೂಲಿಂಗ್ ಸಿಸ್ಟಮ್ಮೇ ಅದು. ಫ್ಯಾನ್ ಎಳೆದ ತಣ್ಣನೆ ಗಾಳಿ ಸಿಲಿಂಡರ್ ರೆಕ್ಕೆಗಳ ನಡುವೆ ನುಗ್ಗಿ ಬಿಸಿಯಾಗಿ ಕೆಳಗೆ ಹೋಗ್ಬೇಕು, ಕೆಳಗೆ ಹೋದ ಬಿಸಿ ಗಾಳಿ ಮತ್ತೆ ಮೇಲೆ ಬರಬಾರ್ದು. ಹಾಗೆ ಬರದೇ ಇರೋ ಹಾಗೆ ತಡೆಯೋದು ತಗಡಿಗೂ ಬಾಡಿಗೂ ನಡುವೆ ಸುತ್ತ ಇರೋ ಒಂದು ರಬ್ಬರ್ ಪಟ್ಟಿ. ನಮ್ ಗಾಡೀಲಿ ಆ ಪಟ್ಟಿ ಒಣಗಿ ಅರ್ಧ ಉದುರಿ ಹೋಗಿತ್ತು, ಒಂದೆರಡು ಸಣ್ಣ ತಗಡು ತುಂಡುಗಳನ್ನ ಹಿಂದೆ ಯಾರೋ ಬಿಚ್ಚಿ ಹಾಕೋದೇ ಬಿಟ್ಟಿದ್ರು. ಎಲ್ಲ ಹುಡುಕಿ ತಂದು ಕೂರಿಸಿದೆ. ಫ್ಯಾನ್ ಹೌಸಿಂಗ್ ಒಳಗೆ ಟಾರ್ಚ್ ಬಿಟ್ಟು ನೋಡೋದು ಮರೀಬೇಡಿ, ಬಹಳ ದಿನ ನಿಂತಿರೋ ಗಾಡೀಲಿ ಇಲಿ ಗೂಡು ಕಟ್ಟಿರತ್ತೆ, ಹಳೇ ಬಟ್ಟೆ ಚೂರು, ಒಣ ಎಲೆ ಏನೇನೋ ಸಿಗತ್ತೆ.

ಬಿಸಿ ನೋಡ್ಕೊಂಡು ಗಾಳಿ ದಾರಿ ತೆರೆದು ಮುಚ್ಚೋ ಥರ್ಮೋಸ್ಟ್ಯಾಟ್ ಮತ್ತೆ ಅದ್ರ ಫ್ಲ್ಯಾಪ್‌ಗಳನ್ನ ಕಿತ್ತು ಹಾಕಿದ್ರೆ ಇಂಜಿನ್ ತಂಪಾಗಿರತ್ತೆ ಅಂತ ಸಲಹೆ ಕೊಡೋರು ಇದಾರೆ, ನಾನು ಒಪ್ಪಲ್ಲ. ಆ ಫ್ಲ್ಯಾಪ್‌ಗಳು ತೆರೆದಾಗ ಗಾಳಿಯನ್ನ ಸರಿಯಾದ ಕಡೆಗೆ ತಿರುಗಿಸೋ ಕೆಲ್ಸಾನೂ ಮಾಡ್ತವೆ, ಜೊತೆಗೆ ತಣ್ಣಗಿರೋ ಇಂಜಿನ್ ಬೇಗ ಬಿಸಿ ಆಗ್ಲಿಲ್ಲ ಅಂದ್ರೆ ಸವೆತ ಜಾಸ್ತಿ. ಒಳ್ಳೇ ಥರ್ಮೋಸ್ಟ್ಯಾಟ್ ಹಾಕಿ, ಅದ್ರಿಂದ ಫ್ಲ್ಯಾಪಿಗೆ ಹೋಗೋ ವೈರ್ ಟೆನ್ಷನ್ ಸರಿ ಮಾಡಿ, ಬಿಟ್ಬಿಡಿ.

ಬೆಲ್ಟ್ ಬಗ್ಗೆ ಒಂದು ಮಾತು, ಗಾಡಿ ಓಡಿಸೋ ಪ್ರತಿಯೊಬ್ರೂ ಇದನ್ನ ತಿಳ್ಕೊಂಡಿರ್ಬೇಕು. ಡೈನಮೋ ತಿರುಗಿಸೋ ಬೆಲ್ಟೇ ಕೂಲಿಂಗ್ ಫ್ಯಾನ್‌ನೂ ತಿರುಗಿಸೋದು, ಎರಡೂ ಒಂದೇ ಶಾಫ್ಟ್ ಮೇಲೆ. ಅಂದ್ರೆ ಡ್ಯಾಶ್‌ಬೋರ್ಡಲ್ಲಿ ಚಾರ್ಜಿಂಗಿನ ಕೆಂಪು ಲೈಟ್ ಹತ್ತಿದ್ರೆ ಬೇರೆ ಕಾರಲ್ಲಿ ಹಾಗೆ ಹೆಂಗೋ ಮನೆ ಸೇರ್ಕೊಳೋಣ ಅನ್ನೋ ಮಾತೇ ಇಲ್ಲ, ಬೆಲ್ಟ್ ಕಿತ್ತು ಫ್ಯಾನ್ ನಿಂತಿರಬಹುದು, ತಕ್ಷಣ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡ್ಬೇಕು. ಹೆಬ್ಬೆರಳಲ್ಲಿ ಒತ್ತಿದ್ರೆ ಬೆಲ್ಟ್ ಸುಮಾರು 15 ಮಿಮೀ ಒಳಗೆ ಹೋಗ್ಬೇಕು. ಪುಲ್ಲಿಯ ಎರಡು ಹೋಳಿನ ಮಧ್ಯೆ ತೆಳು ವಾಷರ್‌ಗಳು ಇರತ್ವೆ, ಒಂದು ತೆಗೆದು ಹೊರಗೆ ಹಾಕಿದ್ರೆ ಬಿಗಿ ಆಗತ್ತೆ. ನಮ್ಮನೇಲಿ ಸ್ಟಿಯರಿಂಗ್ ಹಿಡಿಯೋರೆಲ್ಲ ಬೆಲ್ಟ್ ಬದಲಾಯಿಸೋದನ್ನ ಕೈಯಾರೆ ಮಾಡಿ ಕಲ್ತಿದಾರೆ, ಅದು ನನಗೆ ನಿಜವಾಗ್ಲೂ ಖುಷಿ ಕೊಟ್ಟ ಕೆಲ್ಸ.

ನನಗೆ ಎಲ್ಲಕ್ಕಿಂತ ಇಷ್ಟ ಟ್ಯಾಪೆಟ್ ಸೆಟ್ಟಿಂಗ್, ಅಂದ್ರೆ ಸಿಲಿಂಡರಿನ ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಣ್ಣ ಗ್ಯಾಪ್ ಸರಿ ಮಾಡೋದು. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರೋವಾಗ ಗಾಡಿ ಅಡಿಗೆ ಹೋಗಿ ತಂತಿ ಕ್ಲಿಪ್ ಕೆಳಗೆ ಎಳೆದ್ರೆ ವಾಲ್ವ್ ಕವರ್ ಕೈಗೆ ಬರತ್ತೆ, ಸ್ವಲ್ಪ ಆಯಿಲ್ ತೊಟ್ಟಿಕ್ಕತ್ತೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಳಗೆ ತಿರುಗೋ ರೋಟರ್ ಡಿಸ್ಟ್ರಿಬ್ಯೂಟರಿನ ಅಂಚಿನ ಗೀರಿಗೆ ಬರೋವರ್ಗೂ ಇಂಜಿನ್‌ನ ಕೈಯಲ್ಲಿ ತಿರುಗಿಸಿ, ಪುಲ್ಲಿ ಗುರುತು ಕೇಸ್ ಎರಡು ಭಾಗ ಸೇರೋ ಗೆರೆಗೆ ತಂದ್ರೆ 1ನೇ ಸಿಲಿಂಡರ್ ರೆಡಿ. 13ರ ಸ್ಪ್ಯಾನರಲ್ಲಿ ನಟ್ ಸಡಿಲ ಮಾಡಿ, 0.15 ಮಿಮೀ ದಪ್ಪದ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ತಗಡು ಪಟ್ಟಿ) ಒಳಗೆ ತೂರಿಸಿ, ಸ್ಕ್ರೂ ತಿರುಗಿಸ್ತಾ ಗೇಜ್ ಎಳೆದಾಗ ಲೈಟಾಗಿ ಹಿಡಿದಂಗೆ ಆಗ್ಬೇಕು, ಹಿಟ್ಟು ಹದಕ್ಕೆ ಬಂದಿದ್ದು ಬೆರಳಿಗೇ ಗೊತ್ತಾಗತ್ತಲ್ಲ ಹಾಗೆ. ಅಲ್ಲಿಂದ ಪುಲ್ಲಿಯನ್ನ ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿದ್ರೆ 2, ಇನ್ನರ್ಧ 3, ಇನ್ನರ್ಧ 4. ಇಂಜಿನ್ ಫೈರ್ ಆಗೋ ಕ್ರಮ 1-4-3-2, ಅದಕ್ಕೇ ಹಿಂದಕ್ಕೆ ತಿರುಗಿಸಿದ್ರೆ ಲೆಕ್ಕ ಸಲೀಸು.

ಇದನ್ನ ಮೆಕ್ಯಾನಿಕ್ ಕೈಗೆ ಬಿಡದೇ ನಾವೇ ಮಾಡ್ಬೇಕು ಅನ್ನೋಕೆ ಕಾರಣ ಇದೆ. ಪ್ರತಿ ಸಲ ಗ್ಯಾಪ್ ಎಷ್ಟಿತ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀತಾ ಬಂದ್ರೆ ಇಂಜಿನ್ ಆರೋಗ್ಯ ಅದ್ರಲ್ಲೇ ಕಾಣತ್ತೆ. ಸುಟ್ಟ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವುಗಳಲ್ಲಿ ಒಂದರ ಗ್ಯಾಪ್ ಪದೇ ಪದೇ ಕಮ್ಮಿ ಆಗ್ತಾ ಇದ್ರೆ ವಾಲ್ವ್ ಉದ್ದ ಎಳೀತಿದೆ ಇಲ್ಲಾ ಅದು ಕೂರೋ ಸೀಟ್ ಒಳಗೆ ಇಳೀತಿದೆ ಅಂತ ಅರ್ಥ, ಸುಮ್ನೆ ಬಿಟ್ರೆ ಒಂದಿನ ವಾಲ್ವ್ ತಲೆ ಮುರಿದು ಪಿಸ್ಟನ್ ಮೇಲೆ ಬೀಳತ್ತೆ. ಹಳೇ ಇಂಜಿನ್‌ಗಳಲ್ಲಿ ಆಯಿಲ್ ಕೂಲರ್ 3ನೇ ಸಿಲಿಂಡರಿಗೆ ಹೋಗೋ ಗಾಳಿ ದಾರೀಲೇ ಇತ್ತು, ಅದಕ್ಕೇ ಮೊದ್ಲು ಕೈ ಕೊಡ್ತಿದ್ದದ್ದು 3ನೇದು. 1971ರ ಮಾಡೆಲಿಂದ ಕೂಲರನ್ನ ಬೇರೆ ಜಾಗಕ್ಕೆ ತಳ್ಳಿದ್ರು, ನಮ್ದೂ ಆ ಥರದ್ದೇ, ಆದ್ರೂ ನಾನು ಹೆಚ್ಚು ಗಮನ ಕೊಟ್ಟು ನೋಡೋದು ಅದನ್ನೇ. ಆಯಿಲ್ ಹಿಡಿಯೋದೇ ಎರಡೂವರೆ ಲೀಟರ್, ಪೇಪರ್ ಫಿಲ್ಟರ್ ಇಲ್ಲ, ಕೆಳಗೆ ಒಂದು ಜಾಲರಿ ಅಷ್ಟೆ, ಹಂಗಾಗಿ 5000 ಕಿಮೀಗೆ ಬದಲಾಯಿಸ್ಲೇಬೇಕು, ಜಾಲರೀಲಿ ಲೋಹದ ಪುಡಿ ಮಿಂಚ್ತಿದ್ಯಾ ನೋಡ್ಬೇಕು. ಜಾಲರಿ ಮುಚ್ಚೋ ಪ್ಲೇಟಿನ ಸಣ್ಣ ನಟ್‌ಗಳನ್ನ ಜೋರಾಗಿ ಬಿಗೀಬೇಡಿ, ಸ್ಟಡ್ ಕಿತ್ಕೊಂಡು ಬರತ್ತೆ.

ತುಕ್ಕಿನ ಕಥೆ ಶುರು ಮಾಡಿದ್ರೆ ಮುಗಿಯಲ್ಲ. ಮೇಲೆ ಪೇಂಟ್ ಫಳಫಳ ಹೊಳೀತಿದ್ರೂ ಒಂದು ಅಯಸ್ಕಾಂತ ಹಿಡ್ಕೊಂಡು ಸುತ್ತಿ, ಹಿಡೀದೇ ಇರೋ ಕಡೆ ಪುಟ್ಟಿ ತುಂಬಿದಾರೆ ಅಂತ. ಜಾಕ್ ಕೊಡೋ ಜಾಗ, ಜಾರೋ ಬಾಗಿಲಿನ ಕೆಳಗೆ, ಮುಂದಿನ ಗಾಜಿನ ಕೆಳಮೂಲೆ, ಬ್ಯಾಟರಿ ಟ್ರೇ, ಚಕ್ರದ ಕಮಾನು, ಇವಿಷ್ಟು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಶಬ್ದ ಕೇಳಿ. ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡ್ಲೇಬೇಕು, ಮೇಲೆ ಮೆತ್ತಿದ್ರೆ ಆಗಲ್ಲ, ಟ್ಯಾಂಕ್ ಹತ್ರ ವೆಲ್ಡಿಂಗ್ ಇದ್ರೆ ಟ್ಯಾಂಕ್ ಇಳಿಸದೇ ಯಾರನ್ನೂ ಮುಟ್ಟೋಕೆ ಬಿಡ್ಬೇಡಿ. ಕೆಲ್ಸ ಮುಗಿದ್ಮೇಲೆ ಟೊಳ್ಳು ಜಾಗಗಳ ಒಳಗೆಲ್ಲ ವ್ಯಾಕ್ಸ್ ಹೊಡೆಸಿ.

ಬ್ರೇಕಲ್ಲಿ ನಾನು ನೋಡೋದು ರಬ್ಬರ್ ಹೋಸ್‌ಗಳು, ಹೊರಗೆ ಚೆನ್ನಾಗಿದ್ದು ಒಳಗೆ ಊದ್ಕೊಂಡಿರ್ತವೆ, ಪೆಡಲ್ ಬಿಟ್ರೂ ಚಕ್ರ ಹಿಡ್ಕೊಂಡೇ ಇರತ್ತೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರಿನಂಶ ಹೀರ್ಕೊಳತ್ತೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸದೇ ಇದ್ರೆ ಉದ್ದ ಇಳಿಜಾರಲ್ಲಿ ಆ ನೀರೇ ಕುದ್ದು ಪೆಡಲ್ ಮೆತ್ತಗಾಗತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರ. ಟೈರ್ ಮೇಲಿನ ಗೀರು ಎಷ್ಟೇ ಆಳ ಇದ್ರೂ ವಯಸ್ಸಾದ ಟೈರ್ ವಯಸ್ಸಾದ್ದೇ, ಮತ್ತೆ ಕಾರಿನ ಟೈರ್ ಬೇಡ, ಭಾರ ಹೊರೋ 185ಆರ್14 ಸಿ ಥರದ್ದೇ ಬೇಕು.

ಒಳಗಡೆ ಕೆಲ್ಸದಲ್ಲಿ ತಡ ಮಾಡಬಾರದ್ದು ಗ್ಯಾಸ್ ಒಂದೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದ ಮೇಲೆ ಮಲಗಿರತ್ತೆ, ಅದು ಆಚೆ ಹೋಗೋಕೆ ನೆಲದಲ್ಲಿ ತೂತು ಇರ್ಲೇಬೇಕು, ಮೇಲೆ ಕಾರ್ಪೆಟ್ ಹಾಸಿ ಮುಚ್ಚಿಬಿಟ್ಟಿರ್ತಾರೆ ನೋಡಿ. ಪ್ರತಿ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ಬರತ್ತಾ ನೋಡಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಮಿಕ್ಕಿದ್ದು, ಕುಶನ್, ಲೈಟು, ಕರ್ಟನ್ ಎಲ್ಲ ಟ್ರಿಪ್ ಮುಗಿಸಿ ಬಂದ್ಮೇಲೂ ಮಾಡಬಹುದು, ಹಳೇ ಬೆಡ್‌ಶೀಟ್ ಕಟ್ಟಿದ್ರೂ ನಿದ್ದೆ ಬರತ್ತೆ.

ಹೊರಡೋಕೆ ಮುಂಚೆ ಟ್ರಿಪ್ಪಿಗೆ ತುಂಬೋ ಅಷ್ಟೂ ಸಾಮಾನು ತುಂಬಿ, ನೀರಿನ ಕ್ಯಾನ್ ಸಮೇತ, ಏರು ಇರೋ ರಸ್ತೇಲಿ ಒಂದು ದೊಡ್ಡ ಸುತ್ತು ಹೋಗಿ ಬನ್ನಿ. ಖಾಲಿ ಗಾಡೀಲಿ ಮಾಡೋ ಟೆಸ್ಟಿಗೆ ಅರ್ಥ ಇಲ್ಲ. ಏರಲ್ಲಿ ಟಾಪ್ ಗೇರಲ್ಲೇ ಆಕ್ಸಿಲರೇಟರ್ ತುಳಿದು ಎಳೆಸಬಾರ್ದು, ಬೇಗ ಗೇರ್ ಇಳಿಸಿ ಇಂಜಿನ್ ಸ್ವಲ್ಪ ಜೋರಾಗೇ ತಿರುಗ್ಲಿ, ಫ್ಯಾನ್ ಅದ್ರ ಜೊತೆಗೇ ತಿರುಗೋದ್ರಿಂದ ಗಾಳಿ ಜಾಸ್ತಿ ಸಿಗತ್ತೆ.

ಮೊದಲ ದಿನ 200 ಕಿಮೀಗಿಂತ ಜಾಸ್ತಿ ಬೇಡ ಅಂತ ಪ್ಲಾನ್ ಮಾಡಿದೀವಿ. ರಾತ್ರಿ ನಿಂತು, ಮಾರನೇ ಬೆಳಗ್ಗೆ ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಕವರ್ ಬಿಚ್ಚಿ ಎಲ್ಲಾ ಟ್ಯಾಪೆಟ್ ಇನ್ನೊಮ್ಮೆ ಅಳೀತೀನಿ. 3ನೇ ಸಿಲಿಂಡರಿನ ಎಕ್ಸಾಸ್ಟ್ 0.15ರಲ್ಲೇ ಇದ್ರೆ ಮುಂದಕ್ಕೆ ಹೊರಡ್ತೀವಿ, ಕಮ್ಮಿ ಆಗಿದ್ರೆ ಅಲ್ಲಿಂದಾನೇ ವಾಪಸ್. ಮನೆಯವರಿಗೆಲ್ಲ ಈ ವಿಷ್ಯ ಈಗ್ಲೇ ಹೇಳಿ ಒಪ್ಪಿಸಿ ಇಟ್ಟಿದೀನಿ.